ನಾನು ಓ ನೆಗೆಟಿವ್, ಪತಿ ಎ ಪಾಸಿಟಿವ್: ಮಗುವಿಗೆ ತೊಂದರೆಯೇ?

ಪ್ರಶ್ನೆ: ಡಾಕ್ಟರ್, ನನ್ನದು ಓ ನೆಗೆಟಿವ್, ಪತಿಯದು ಎ ಪಾಸಿಟಿವ್. ಈಗ ಹತ್ತನೇ ವಾರ. ಮೊದಲ ಮಗುವಿಗೆ ಏನೂ ಆಗುವುದಿಲ್ಲ, ಎರಡನೆಯದಕ್ಕೆ ನೋಡಿಕೊಂಡರಾಯಿತು ಎನ್ನುತ್ತಾರೆ ಎಲ್ಲರೂ. ಆದರೆ ಎರಡು ವರ್ಷಗಳ ಹಿಂದೆ ನಾಲ್ಕನೇ ತಿಂಗಳಲ್ಲಿ ಗರ್ಭಪಾತವಾಗಿತ್ತು. ಆಗ ಯಾವ ಇಂಜೆಕ್ಷನ್ನೂ ಕೊಟ್ಟ ನೆನಪಿಲ್ಲ.

ಉತ್ತರ (ಸ್ತ್ರೀರೋಗ ತಜ್ಞೆ): ಗರ್ಭಪಾತದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಹಲವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ದೇಹ ಮಾತ್ರ ಮರೆಯದೆ ಹಿಡಿಯುತ್ತದೆ. ನೆಗೆಟಿವ್ ಎಂದರೆ ನಿಮ್ಮ ಕೆಂಪು ರಕ್ತಕಣಗಳ ಮೇಲೆ 'ಡಿ' ಎಂಬ ಪ್ರೋಟೀನ್ ಇಲ್ಲ. ಮಗು ಅದನ್ನು ತಂದೆಯಿಂದ ಪಡೆದಿದ್ದು, ಅದರ ರಕ್ತ ಚೂರು ನಿಮ್ಮ ರಕ್ತಕ್ಕೆ ಸೇರಿದರೂ, ನಿಮ್ಮ ದೇಹ ಹೊರಗಿನದೆಂದು ತಿಳಿದು ಪ್ರತಿಕಾಯ, ಅಂದರೆ ಅಂಥ ರಕ್ತಕಣಗಳ ಮೇಲೆ ದಾಳಿ ಮಾಡುವ ಅಸ್ತ್ರ, ತಯಾರಿಸಬಹುದು. ಸೇರುವುದು ಹೆಚ್ಚಾಗಿ ಹೆರಿಗೆಯ ಹೊತ್ತಿಗೆ. ಪ್ರತಿಕಾಯ ಸಿದ್ಧವಾಗುವಷ್ಟರಲ್ಲಿ ಆ ಮಗು ತೊಟ್ಟಿಲಲ್ಲಿರುತ್ತದೆ. ಪೆಟ್ಟು ಬೀಳುವುದು ಮುಂದಿನದಕ್ಕೆ. ರಕ್ತಹೀನತೆ, ತೀವ್ರ ಕಾಮಾಲೆ, ಕೆಲವೊಮ್ಮೆ ಹೊಟ್ಟೆಯಲ್ಲಿರುವಾಗಲೇ ಮೈಯೆಲ್ಲ ನೀರು ತುಂಬುವುದು. ಗರ್ಭಪಾತದಲ್ಲಿ, ಹೊಟ್ಟೆಗೆ ಏಟು ಬಿದ್ದಾಗ, ನಡುವೆ ರಕ್ತಸ್ರಾವವಾದಾಗಲೂ ರಕ್ತ ಹೀಗೆ ಬೆರೆಯಬಹುದು. ಹಾಗಾಗಿ ನಿಮಗೆ 'ಮೊದಲ ಮಗು' ಎಂಬ ಸಮಾಧಾನ ಅನ್ವಯಿಸುವುದಿಲ್ಲ.

ನಿಮ್ಮ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ವರದಿಯಲ್ಲಿ 'ನೆಗೆಟಿವ್' ಎಂದಿದ್ದರೆ ಗಾಬರಿಯಾಗಬೇಡಿ. ಅದು ರಕ್ತದ ಗುಂಪಿನ ಮಾತಲ್ಲ, ಪ್ರತಿಕಾಯ ಇಲ್ಲ ಎಂಬ ಒಳ್ಳೆಯ ಸುದ್ದಿ. (ಆ ಒಂದು ಪದ ಓದಿ ಅಳುತ್ತಾ ಬಂದವರನ್ನು ನೋಡಿದ್ದೇನೆ.) ಹಾಗಿದ್ದರೆ 28ನೇ ವಾರದಲ್ಲಿ, ನಿಮ್ಮ ದೇಹ ಪ್ರತಿಕಾಯ ತಯಾರಿಸದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್, ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಗಳೊಳಗೆ ಮತ್ತೊಂದು. ಪ್ರತಿಕಾಯ ಆಗಲೇ ಹುಟ್ಟಿಬಿಟ್ಟಿದ್ದರೆ ಆಂಟಿ-ಡಿಯಿಂದ ಪ್ರಯೋಜನವಿಲ್ಲ. ಆಗ ಸ್ಕ್ಯಾನ್‌ನಲ್ಲಿ ಮಗುವಿನ ಮಿದುಳಿನ ರಕ್ತನಾಳದ ಹರಿವಿನ ವೇಗ ಅಳೆದು ರಕ್ತಹೀನತೆಯನ್ನು ಅಂದಾಜಿಸುತ್ತೇವೆ. ತೀರಾ ಅಗತ್ಯವಾದರೆ ಹೊಕ್ಕುಳಬಳ್ಳಿಯ ಮೂಲಕ ಗರ್ಭದಲ್ಲೇ ರಕ್ತ ಕೊಡುವುದೂ ಉಂಟು.

ಇನ್ನೊಬ್ಬರು: ನಾವಿಬ್ಬರೂ ಪಾಸಿಟಿವ್, ಮಗು ನೆಗೆಟಿವ್. ಲ್ಯಾಬಿನವರ ತಪ್ಪೇ? ಮನೆಯಲ್ಲಿ ಮಾತು ಎಲ್ಲೆಲ್ಲಿಗೋ ಹೋಗುತ್ತಿದೆ.

ಉತ್ತರ: ಹೋಗಲು ಬಿಡಬೇಡಿ. ಡಿ ಜೀನ್ ಒಂದು ಇದ್ದರೂ ಪಾಸಿಟಿವ್, ಎರಡಿದ್ದರೂ ಪಾಸಿಟಿವ್. ನಿಮ್ಮಿಬ್ಬರಲ್ಲೂ ಒಂದೊಂದೇ ಇದ್ದರೆ ಪ್ರತಿ ಮಗುವೂ ನೆಗೆಟಿವ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎ ತಂದೆಗೂ ಬಿ ತಾಯಿಗೂ ಓ ಮಗು ಹುಟ್ಟಬಹುದು, ಅದೂ ಇದೇ ಬಗೆಯ ಲೆಕ್ಕ. ರಕ್ತದ ಗುಂಪು ನೋಡಿ ಹೆಂಡತಿಯನ್ನು ಅನುಮಾನಿಸುವವರಿಗೆ ಈ ಉತ್ತರವನ್ನು ಓದಿ ಹೇಳಿ.

ಮತ್ತೊಬ್ಬರು: ನಮ್ಮಿಬ್ಬರದೂ ಬಿ ಪಾಸಿಟಿವ್. ಒಂದೇ ಗುಂಪಿನವರಿಗೆ ಮಕ್ಕಳಾದರೆ ಅಂಗವಿಕಲವಾಗುತ್ತವಂತೆ?

ಉತ್ತರ: ಇಲ್ಲ. ಹತ್ತಿರದ ರಕ್ತಸಂಬಂಧವೇ ಬೇರೆ, ಒಂದೇ ರಕ್ತದ ಗುಂಪೇ ಬೇರೆ. ಎರಡನ್ನೂ ಕಲಸಿಕೊಂಡು ಹುಟ್ಟಿದ ಭಯ ಇದು.

ಮೊದಲ ಪ್ರಶ್ನೆ ಕೇಳಿದವರು: ಡಾಕ್ಟರ್, ವರದಿ ಬಂತು, ನೆಗೆಟಿವ್! ಈ ಸಲ ಅಳಲಿಲ್ಲ. 28ನೇ ವಾರಕ್ಕೆ ಪರೀಕ್ಷೆ ಮತ್ತೆ ಬೇಕೇ?

ಉತ್ತರ: ಬೇಕು. ಅಂದು ಮೊದಲು ರಕ್ತ ತೆಗೆಸಿಕೊಳ್ಳಿ, ಆಮೇಲೆ ಇಂಜೆಕ್ಷನ್. ಕ್ರಮ ತಿರುವುಮುರುವಾದರೆ ಇಂಜೆಕ್ಷನ್ನಿನಲ್ಲೇ ಇರುವ ಪ್ರತಿಕಾಯ ಪರೀಕ್ಷೆಯಲ್ಲಿ ಕಾಣಿಸಿಕೊಂಡು, ಇಲ್ಲದ ಭಯಕ್ಕೆ ಮತ್ತೆ ಇಲ್ಲಿಗೆ ಬರುತ್ತೀರಿ.