‘ಕಂಟಿನ್ಯೂಡ್ ಯೂಸ್’ಗೆ ಯಾವ ಪದ? ‘ಮುಂದುವರಿದ ಬಳಕೆ’ ಸರಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ,

ಮುಂಬೈಯ ಕನ್ನಡ ಸಂಘವೊಂದರ ಪತ್ರಿಕೆಗೆ ಆಸ್ಪತ್ರೆಗಳ ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಬರೆಯುತ್ತಿದ್ದೇನೆ. ಇಲ್ಲಿನ ಆಸ್ಪತ್ರೆಗಳಲ್ಲಿ ಉಡುಪಿ, ಮಂಗಳೂರು ಕಡೆಯ ನರ್ಸುಗಳಿದ್ದಾರೆ. ಅವರೂ ಓದಲಿ ಅಂತ ಆಸೆ.

ಆಸ್ಪತ್ರೆ ಸಾಫ್ಟ್‌ವೇರ್ ತರಿಸುವುದು ಒಂದು. ಡಾಕ್ಟರು, ನರ್ಸುಗಳು ಅದನ್ನು ಕೈಬಿಡದೆ ಬಳಸುವುದು ಇನ್ನೊಂದು. ಇಂಥ ದಾಖಲೆಗಳಿಗೆ ಕೇಂದ್ರ ಸರ್ಕಾರದ ಮಾನದಂಡ 2013ರಲ್ಲೇ ಬಂತು, 2016ರಲ್ಲಿ ಪರಿಷ್ಕರಣೆಯೂ ಆಯಿತು. ಹಾಗಾಗಿ ಈಗ ಎರಡನೆಯದೇ ದೊಡ್ಡ ಪ್ರಶ್ನೆ. ಜನ ತಂತ್ರಜ್ಞಾನವನ್ನು ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಸಂಶೋಧಕ ಅನೋಲ್ ಭಟ್ಟಾಚಾರ್ಜಿ 2001ರಲ್ಲಿ ಆನ್‌ಲೈನ್ ಬ್ಯಾಂಕಿಂಗ್ ಬಳಸುವವರನ್ನು ನೋಡಿ ಹೇಳಿದ್ದೂ ಇದನ್ನೇ: ಜನ ಮುಂದೆಯೂ ಬಳಸುತ್ತಾರೋ ಇಲ್ಲವೋ ಅನ್ನುವುದು, ಅಂದುಕೊಂಡಷ್ಟು ಉಪಯೋಗ ಆಯಿತೇ, ತೃಪ್ತಿ ಸಿಕ್ಕಿತೇ ಎಂಬುದರ ಮೇಲೆ ನಿಂತಿದೆ.

ಮೊದಲನೆಯದಕ್ಕೆ ‘ಅಳವಡಿಕೆ’ ಇದೆ. ಎರಡನೆಯದಕ್ಕೆ ಏನು?

‘ಮುಂದುವರಿದ ಬಳಕೆ’ ಅಂದರೆ ‘ಮುಂದುವರಿದ ದೇಶ’ ನೆನಪಾಗುತ್ತದೆ. ಏನೋ ಮೇಲ್ಮಟ್ಟದ ಬಳಕೆ ಅಂತ ಓದುಗರು ತಿಳಿಯಬಹುದು, ಅಲ್ವಾ? ‘ನಿರಂತರ ಬಳಕೆ’ಯಲ್ಲಿ ನಡುವೆ ಬಿಡುವೇ ಇಲ್ಲ ಎಂಬ ಅರ್ಥ ಬರುತ್ತದೆ. ವಾರ್ಡಿನಲ್ಲಿ ನಡೆಯುವುದು ಹಾಗಲ್ಲ. ರೋಗಿಗಳು ಜಾಸ್ತಿ ಇದ್ದ ದಿನ ಸಿಸ್ಟರ್ ಮೊದಲು ಬಿಪಿ, ಶುಗರ್, ಜ್ವರ ಎಲ್ಲವನ್ನೂ ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ. ಡ್ಯೂಟಿ ಮುಗಿಯುವ ಹೊತ್ತಿಗೆ ಕೂತು ಕಂಪ್ಯೂಟರಿಗೆ ಏರಿಸುತ್ತಾರೆ. ಅದು ನಿರಂತರ ಅಲ್ಲ, ಆದರೆ ಬಿಟ್ಟದ್ದೂ ಅಲ್ಲ. ‘ರೂಢಿ’ ಚೆನ್ನಾದ ಪದ, ಆದರೆ ಯೋಚಿಸದೆ ಕೈ ಓಡುವುದು ರೂಢಿ. ನನಗೆ ಬೇಕಾದದ್ದು ಬೇಕೆಂದೇ ಬಳಸುವುದು.

ನನಗೆ ಹೊಳೆದದ್ದು ನಮ್ಮ ಮಾತಿನಲ್ಲೇ ಇರುವ ‘ಬಳಸಿಕೊಂಡು ಬರುವುದು’. ಮನೆತನದವರು ಪೂಜೆ ನಡೆಸಿಕೊಂಡು ಬಂದಿದ್ದಾರೆ ಅನ್ನುತ್ತೇವಲ್ಲ, ಹಾಗೆ. ಇನ್ನು ಮುಂದಿನದಕ್ಕೆ ‘ಬಳಸಿಕೊಂಡು ಹೋಗುವ ಮನಸ್ಸು’ ಅನ್ನಬಹುದು. ವಾಕ್ಯದಲ್ಲಿ ಇದು ಸಲೀಸು. ತಲೆಬರಹಕ್ಕೆ ಮಾತ್ರ ಉದ್ದ. ‘ಬಳಕೆಯ ಮುಂದುವರಿಕೆ’ ಹಾಕಿದರೆ ನಡೆಯುತ್ತದೆಯೇ?

ಇನ್ನೊಂದು ಸಣ್ಣ ಅನುಮಾನ. ‘ವೈದ್ಯಕೀಯ ದಾಖಲಾತಿ’ ಅಂದರೆ ಕೆಲವರಿಗೆ ಆಸ್ಪತ್ರೆಗೆ ಸೇರಿಸಿಕೊಳ್ಳುವುದು, ಇನ್ನು ಕೆಲವರಿಗೆ ಮೆಡಿಕಲ್ ಕಾಲೇಜಿನ ಪ್ರವೇಶ. ಅದಕ್ಕೇ ‘ದಾಖಲೆ’ ಅಂತಲೇ ಇಟ್ಟಿದ್ದೇನೆ. ಮುಂಬೈಯಲ್ಲಂತೂ ನಮ್ಮವರೂ ‘ಕೇಸ್ ಪೇಪರ್’ ಅನ್ನುತ್ತಾರೆ, ಅದನ್ನು ಒಮ್ಮೆಯಾದರೂ ಬರೆಯುವವಳೇ.

ಬೆಂಗಳೂರು, ಹುಬ್ಬಳ್ಳಿ ಆಸ್ಪತ್ರೆಗಳಲ್ಲಿರುವವರು ದಿನಾ ಏನು ಅನ್ನುತ್ತೀರಿ, ದಯವಿಟ್ಟು ತಿಳಿಸಿ.