ಟಾರ್ಚ್ ರಿಪೋರ್ಟ್‌ನಲ್ಲಿ ಹರ್ಪಿಸ್ ಪಾಸಿಟಿವ್: ಎಷ್ಟು ಹೆದರಬೇಕು?

ಪ್ರಶ್ನೆ (ಹೆಸರು ಬೇಡ, ಉಡುಪಿ): ಡಾಕ್ಟ್ರೇ, ನನಗೀಗ ನಾಲ್ಕು ತಿಂಗಳು. ಟಾರ್ಚ್ ಪ್ಯಾನೆಲ್ (ಮಗುವಿಗೆ ತೊಂದರೆ ಮಾಡಬಹುದಾದ ಸೋಂಕುಗಳ ರಕ್ತ ಪರೀಕ್ಷೆ) ಮಾಡಿಸಿದ್ದರಲ್ಲಿ ಎಚ್‌ಎಸ್‌ವಿ, ಅಂದರೆ ಹರ್ಪಿಸ್ ವೈರಸ್‌ನ ಐಜಿಎಂ ಪಾಸಿಟಿವ್ ಅಂತ ಬಂದಿದೆ. ಗೂಗಲ್‌ನಲ್ಲಿ ಲೈಂಗಿಕ ರೋಗ ಅಂತ ಉಂಟು. ನನಗೆ ಗುಳ್ಳೆ, ಹುಣ್ಣು ಯಾವತ್ತೂ ಆದದ್ದಿಲ್ಲ. ಗಂಡ ದುಬೈಯಲ್ಲಿದ್ದಾರೆ. ಅವರನ್ನು ಕೇಳಬೇಕಾ? ಮಗುವಿಗೆ ಎಂತ ಆಗ್ತದೆ?

ಉತ್ತರ (ಚರ್ಮ ಮತ್ತು ಲೈಂಗಿಕ ರೋಗ ತಜ್ಞರು, ಮಂಗಳೂರು): ಈ ಒಂದು ರಿಪೋರ್ಟ್ ಹಿಡಿದು ಗಂಡನನ್ನು ಕೇಳಲು ಹೋಗಬೇಡಿ. ಐಜಿಎಂ ಎಂದರೆ ರಕ್ತದಲ್ಲಿರುವ ಒಂದು ಬಗೆಯ ಆಂಟಿಬಾಡಿ. ಹರ್ಪಿಸ್ ವೈರಸ್‌ನಲ್ಲಿ ಎರಡು ಬಗೆ ಉಂಟು; ಐಜಿಎಂಗೆ ಟೈಪ್ 1, ಟೈಪ್ 2 ಬೇರೆ ಮಾಡಿ ಹೇಳಲು ಬರುವುದಿಲ್ಲ. ಹಳೇ ಸೋಂಕು ಮರುಕಳಿಸಿದರೂ ಪಾಸಿಟಿವ್, ಸೋಂಕೇ ಇಲ್ಲದವರಲ್ಲೂ ಕೆಲವೊಮ್ಮೆ ಪಾಸಿಟಿವ್. ಯಾವಾಗ ತಗುಲಿತು, ಯಾರಿಂದ ತಗುಲಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಲಕ್ಷಣವಿಲ್ಲದ ಗರ್ಭಿಣಿಗೆ ಈ ಪರೀಕ್ಷೆಯೇ ಬೇಡ. ಪ್ಯಾಕೇಜಿನಲ್ಲಿ ಸೇರಿಕೊಂಡು ಬರ್ತದೆ, ಅಷ್ಟೆ.

ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತದಲ್ಲ, ಅದು ಹೆಚ್ಚಾಗಿ ಟೈಪ್ 1. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ 100ಕ್ಕೆ 64 ಮಂದಿಗೆ ಇದು ಉಂಟು, ಬಹುತೇಕ ಚಿಕ್ಕಂದಿನಲ್ಲೇ ತಗುಲಿದ್ದು. ಹೆಚ್ಚಾಗಿ ಜನನಾಂಗದಲ್ಲಿ ಬರುವ ಟೈಪ್ 2 ಇರುವುದು 15ರಿಂದ 49ರ ವಯಸ್ಸಿನ 100ರಲ್ಲಿ ಸುಮಾರು 13 ಮಂದಿಗೆ. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ.

ತಿಳಿಯಲೇಬೇಕಾದರೆ ಟೈಪ್ ಬೇರ್ಪಡಿಸುವ ಐಜಿಜಿ (ಇನ್ನೊಂದು ಬಗೆಯ ಆಂಟಿಬಾಡಿ) ಪರೀಕ್ಷೆ ಕೇಳಿ. ತಗುಲಿದ 12 ವಾರದೊಳಗೆ ಮಾಡಿದರೆ ಸುಳ್ಳು ನೆಗೆಟಿವ್ ಬರಬಹುದು. ಟೈಪ್ 2ರ ಇಂಡೆಕ್ಸ್ (ರಿಪೋರ್ಟಿನಲ್ಲಿ ಬರುವ ಅಂಕಿ) 1.1ರಿಂದ 3ರ ನಡುವೆ ಇದ್ದರೆ ಅದು ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಸಾಕಷ್ಟಿದೆ. ಇನ್ನೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳಬೇಕು. ಗುಳ್ಳೆ ಎದ್ದರೆ ಮೊದಲ ಎರಡು ದಿನದಲ್ಲೇ ಸ್ವಾಬ್ ತೆಗೆಸಿ ಪಿಸಿಆರ್ ಮಾಡಿಸಿ. ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗುವುದು ಕಷ್ಟ.

ಉತ್ತರ (ಹೆರಿಗೆ ತಜ್ಞೆ, ಮಣಿಪಾಲ): ಮಗುವಿನ ವಿಷಯ ನಾನು ಹೇಳ್ತೇನೆ. ನಿಜವಾದ ಅಪಾಯ ಇರುವುದು ಕೊನೆಯ ವಾರಗಳಲ್ಲಿ ಮೊದಲ ಸಲ ಜನನಾಂಗದ ಹರ್ಪಿಸ್ ತಗುಲಿದರೆ. ಆಗ ಸಹಜ ಹೆರಿಗೆಯಲ್ಲಿ ಮಗುವಿಗೆ ಹರಡುವ ಸಂಭವ 30ರಿಂದ 50 ಶೇಕಡಾ. ಹಳೇ ಸೋಂಕಾದರೆ ಶೇಕಡಾ 1ಕ್ಕಿಂತ ಕಡಿಮೆ, ತಾಯಿಯ ಆಂಟಿಬಾಡಿ ಮಗುವಿಗೂ ದಾಟಿರುತ್ತದಲ್ಲ. ಆಗಾಗ ಗುಳ್ಳೆ ಬರುವವರಿಗೆ 36ನೇ ವಾರದಿಂದ ವೈರಸ್ ತಡೆಯುವ ಮಾತ್ರೆ ಅಸೈಕ್ಲೋವಿರ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಡ್ತೇವೆ. ಹೆರಿಗೆ ನೋವಿನ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್.

ಏಳನೇ ತಿಂಗಳ ಮೇಲೆ ನಿಮ್ಮವರು ಊರಿಗೆ ಬಂದರೆ, ಅವರ ತುಟಿಯಲ್ಲೋ ಕೆಳಗೋ ಗುಳ್ಳೆ ಇರುವಾಗ ಸಂಪರ್ಕ ಬೇಡ, ಬಾಯಿಯಿಂದಲೂ ಬೇಡ. ತೊಟ್ಟಿಲು ಹಾಕುವ ದಿನ ತುಟಿಯಲ್ಲಿ ಗುಳ್ಳೆ ಇರುವ ನೆಂಟರು ಮಗುವಿಗೆ ಮುತ್ತು ಕೊಡಬಾರದು. ನಿಷ್ಠುರ ಆದರೂ ಹೇಳಿಬಿಡಿ.

ನಿಮ್ಮ ಫೈಲಿನಲ್ಲಿ ವಿಡಿಆರ್‌ಎಲ್ (ಸಿಫಿಲಿಸ್ ಎಂಬ ಲೈಂಗಿಕ ರೋಗದ ರಕ್ತ ಪರೀಕ್ಷೆ) ಉಂಟಾ ನೋಡಿ. ಸಿಫಿಲಿಸ್ ನೋವಿಲ್ಲದೆ ಬಂದು ಹೋಗ್ತದೆ, ಬಿಟ್ಟರೆ ಗರ್ಭದಲ್ಲೇ ಮಗು ತೀರಿಕೊಳ್ಳಬಹುದು. ಆರಂಭದಲ್ಲೇ ಸಿಕ್ಕಿದರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್‌ನ ಒಂದು ಡೋಸ್ ಸಾಕಾಗ್ತದೆ. ಟಾರ್ಚ್‌ಗಿಂತ ಇದು ಎಷ್ಟೋ ಮುಖ್ಯ.

ಪ್ರಶ್ನೆ (ಸುರತ್ಕಲ್): ನನಗೆ ಟೈಪ್ 2 ಖಾತ್ರಿಯಾಗಿದೆ, ವರ್ಷಕ್ಕೆ ಎರಡು ಮೂರು ಸಲ ಬರ್ತದೆ. ಮದುವೆ ನಿಶ್ಚಯ ಆಗಿದೆ. ಹುಡುಗಿಗೆ ಬಾರದ ಹಾಗೆ ಮಾಡಲಿಕ್ಕೆ ಆಗ್ತದಾ?

ಉತ್ತರ (ಚರ್ಮ ತಜ್ಞರು): ಪೂರ್ತಿ ತಡೆಯಲು ಆಗುವುದಿಲ್ಲ, ತುಂಬ ಕಡಿಮೆ ಮಾಡಬಹುದು. ಜುಮುಗುಟ್ಟಲು ಶುರುವಾದಾಗಿನಿಂದ ಚರ್ಮ ಪೂರ್ತಿ ಮಾಯುವವರೆಗೆ ಸಂಪರ್ಕ ಬೇಡ. ಗುಳ್ಳೆ ಇಲ್ಲದಾಗಲೂ ವೈರಸ್ ಆಗೀಗ ಹೊರಬರ್ತದೆ, ಕಾಂಡೋಮ್ ಎಲ್ಲ ಚರ್ಮವನ್ನು ಮುಚ್ಚುವುದಿಲ್ಲ, ಆದರೂ ಬಳಸಿ. ವಾಲಸೈಕ್ಲೋವಿರ್ 500 ಮಿ.ಗ್ರಾಂ ದಿನಕ್ಕೊಂದು ತೆಗೆದುಕೊಂಡರೆ ಹರಡುವುದು ಸುಮಾರು ಅರ್ಧಕ್ಕಿಳಿಯುತ್ತದೆ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 8 ತಿಂಗಳಲ್ಲಿ ಸಂಗಾತಿಗೆ ತಗುಲಿದ್ದು ಮಾತ್ರೆಯಿಲ್ಲದೆ 3.6 ಶೇಕಡಾ, ಮಾತ್ರೆಯಿದ್ದಾಗ 1.9. ಕಿಡ್ನಿ ತೊಂದರೆ ಇದ್ದರೆ ಡೋಸ್ ಬದಲಾಗ್ತದೆ, ಮೊದಲೇ ಹೇಳಿ. ಹುಡುಗಿಗೆ ಮದುವೆಗೆ ಮುಂಚೆಯೇ ತಿಳಿಸಿ, ನಿರ್ಧಾರ ಅವಳದ್ದೂ ಹೌದು.

ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳಿಗಾಗಿ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ: ಮಂಗಳೂರಿನವರು ವೆನ್‌ಲಾಕ್‌ಗೆ, ಉಡುಪಿಯವರು ಅಜ್ಜರಕಾಡಿಗೆ ಹೋಗಿ. ಹರ್ಪಿಸ್ ಹುಣ್ಣಿಗೆ ಕೊಡುವುದು ಕೆಂಪು ಕಿಟ್: ಅಸೈಕ್ಲೋವಿರ್ 400, ದಿನಕ್ಕೆ ಮೂರು, 7 ದಿನ. ಎಚ್‌ಐವಿ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ಟೈಪ್ 2 ಇದ್ದವರಿಗೆ ಎಚ್‌ಐವಿ ತಗುಲುವ ಸಾಧ್ಯತೆ ಸುಮಾರು ಮೂರು ಪಟ್ಟು.

ಪ್ರಶ್ನೆ (ಕಾಪು): ಅಪ್ಪನ ಚೀಟಿಯಲ್ಲಿ ಹರ್ಪಿಸ್ ಝೋಸ್ಟರ್ ಅಂತ ಉಂಟಲ್ಲ, ಅದೂ ಇದೇಯಾ?

ಉತ್ತರ (ಚರ್ಮ ತಜ್ಞರು): ಅಲ್ಲ ಮಾರಾಯ್ರೆ, ಅದು ಸರ್ಪಸುತ್ತು. ಹಿಂದೆ ಬಂದ ಸಿಡುಬಿನಂಥ ಚಿಕನ್‌ಪಾಕ್ಸ್‌ನ ವೈರಸ್ ಮತ್ತೆ ಎದ್ದದ್ದು, ಲೈಂಗಿಕ ರೋಗವಲ್ಲ. ಗುಳ್ಳೆ ಎದ್ದು 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಇವತ್ತೇ ಔಷಧ ತಂದುಕೊಡಿ.