ಪೊವುನಮು: ‘ಹಸಿರುಕಲ್ಲಿನ ಕೆತ್ತನೆ’ ಎಂದರೆ ಸಾಕೇ?

ನ್ಯೂಜಿಲೆಂಡಿನ ಮಾವೊರಿ ಜನರು ಪೊವುನಮು ಎಂದು ಕರೆಯುವ ಕಲ್ಲಿನ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನ ‘ಗ್ರೀನ್‌ಸ್ಟೋನ್ ಕಾರ್ವಿಂಗ್’ ಎಂಬುದಕ್ಕೆ ಮೊದಲ ಕರಡಿನಲ್ಲಿ ‘ಹಸಿರುಕಲ್ಲಿನ ಕೆತ್ತನೆ’ ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಮರಳಿ ಓದಿದಾಗ ಆ ಎರಡು ಪದಗಳಲ್ಲಿ ಒಂದೂ ನಿಲ್ಲುವಂತೆ ಕಾಣಲಿಲ್ಲ.

‘ಪಚ್ಚೆ’, ‘ಮರಕತ’ ಎರಡೂ ನಮಗೆ ನವರತ್ನದ ಹರಳನ್ನೇ ನೆನಪಿಸುವುದರಿಂದ ಅವನ್ನು ಬಿಟ್ಟೆ. ‘ಹಸಿರುಶಿಲೆ’ ಎಂದರೆ ಭೂವಿಜ್ಞಾನ ಬಲ್ಲವರು ಕೋಲಾರ, ಹಟ್ಟಿಗಳ ಚಿನ್ನ ಹುದುಗಿರುವ ಗ್ರೀನ್‌ಸ್ಟೋನ್ ಪಟ್ಟಿಗಳನ್ನು ನೆನೆಯುತ್ತಾರೆ. ಅದು ಬಹುಮಟ್ಟಿಗೆ ರೂಪಾಂತರಗೊಂಡ ಬಸಾಲ್ಟು, ಬೇರೆಯೇ ಕಲ್ಲು. ‘ಜೇಡ್’ ಎಂದರೂ ತೊಡಕು ತಪ್ಪದು. ಪೊವುನಮುವಿನಲ್ಲಿ ಹೆಚ್ಚಿನದು ನೆಫ್ರೈಟ್ ಎಂಬ ಜೇಡ್ ಆದರೂ, ಮಾವೊರಿಗಳು ಅದೇ ಹೆಸರಿನಡಿ ಎಣಿಸುವ ‘ತಂಗಿವೈ’ ಖನಿಜದ ಲೆಕ್ಕದಲ್ಲಿ ಬೋವೆನೈಟ್, ಅಂದರೆ ಸರ್ಪೆಂಟೈನ್ ಜಾತಿಯದು. ತಂಗಿ ಎಂದರೆ ಅಳು, ವೈ ಎಂದರೆ ನೀರು. ಬೆಳಕಿಗೆ ಹಿಡಿದರೆ ತಿಳಿಯಾಗಿ ತೋರುವ ಆ ಕಲ್ಲಿಗೆ ನಮ್ಮ ‘ಕಣ್ಣೀರು’ ಹೊಂದುತ್ತದೆ. ಇನ್ನು ಬಣ್ಣ: ‘ಕವಕವ’ ಎಂಬ ಬಗೆಯ ಪೊವುನಮು ಅದೇ ಹೆಸರಿನ ಗಿಡದ ಎಲೆಯಂತೆ ಗಾಢ ಹಸಿರು, ಸರಿ; ಆದರೆ ‘ಈನಂಗ’ ಎಂಬ ಬಗೆ ಅದೇ ಹೆಸರಿನ ಪುಟ್ಟ ಮೀನಿನಂತೆ ಬೂದು ಬೆರೆತ ಬಿಳುಪು. ಅದನ್ನು ಹಸಿರುಕಲ್ಲು ಎನ್ನುವುದು ಹೇಗೆ?

ಮೂಲಪದವನ್ನೇ ಉಳಿಸಿಕೊಳ್ಳುವುದು ಮೇಲು. ‘ಪೌನಾಮು’ ಎಂದು ಬರೆಯಬಹುದಿತ್ತು. ಆದರೆ ಆ ಭಾಷೆಯಲ್ಲಿ ‘ಅಉ’, ‘ಒಉ’ ಬೇರೆಬೇರೆ ಸ್ವರಗಳು, ‘ನ’ ಹ್ರಸ್ವ. ಆದ್ದರಿಂದ ‘ಪೊವುನಮು’ ಎಂದೆ. (ದಕ್ಷಿಣ ದ್ವೀಪದ ಪೊವುನಮುವಿಗೆ ಒಡೆಯರಾದ ‘ಙಾಯ್ ತಹು’ ಕುಲದ ಹೆಸರು ಬರೆಯುವಾಗ, ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ‘ಙ’ಕ್ಕೆ ಕಡೆಗೂ ಪದದ ಮೊದಲಲ್ಲಿ ಜಾಗ ಸಿಕ್ಕಿತು. ಅವರ ದಕ್ಷಿಣದ ಉಚ್ಚಾರದಲ್ಲಿ ಅದು ‘ಕಾಯ್ ತಹು’ ಆಗುತ್ತದೆಂಬುದು ಬೇರೆ ಮಾತು.)

‘ಕೆತ್ತನೆ’ಯ ತೊಡಕು ಇದಕ್ಕಿಂತ ದೊಡ್ಡದು. ಕೆತ್ತು ಎಂದೊಡನೆ ನಮ್ಮ ಕಣ್ಣಿಗೆ ಉಳಿ, ಸುತ್ತಿಗೆ, ಹಾರುವ ಚಕ್ಕೆ ಕಾಣುತ್ತವೆ. ನೆಫ್ರೈಟಿನ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಬೇಕೆಂದ ಹಾಗೆ ಚಕ್ಕೆ ಏಳುವುದಿಲ್ಲ. ಲೋಹವಿಲ್ಲದ ಕಾಲದಲ್ಲಿ ಅದನ್ನು ‘ಹೋಅಂಗ’ ಎಂಬ ಮರಳುಕಲ್ಲಿನ ಮೇಲೆ ನೀರು ಹನಿಸುತ್ತ ಹಿಂದಕ್ಕೂ ಮುಂದಕ್ಕೂ ಉಜ್ಜಿ ಸವೆಸುತ್ತಿದ್ದರು, ತೂತಿಗೆ ಹುರಿಯಿಂದ ತಿರುಗಿಸುವ ಬೈರಿಗೆ ಬಳಸುತ್ತಿದ್ದರು. ‘ಮೆರೆ’ ಎಂಬ ಚಪ್ಪಟೆ ಗದೆಯ ಅಂಚು, ಹಿಡಿಯ ತುದಿಯಲ್ಲಿ ಮಣಿಕಟ್ಟಿನ ದಾರಕ್ಕೆ ಬಿಟ್ಟ ತೂತು, ಎಲ್ಲವೂ ಹೀಗೆಯೇ ಆದವು. ಸಾಣೆಕಲ್ಲಿನ ಮೇಲೆ ಗಂಧ ತೇಯುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹಾಗಾಗಿ ‘ತೇಯ್ದು ರೂಪಿಸಿದ ಪೊವುನಮು’ ಎಂದು ಬರೆಯುವುದೇ ನಿಜಕ್ಕೆ ಹತ್ತಿರವೆಂದು ನನಗನ್ನಿಸುತ್ತದೆ.

ಉಳಿದದ್ದು ‘ತಒಂಗ’, ಅಂದರೆ ಮಾವೊರಿಗಳು ಅಮೂಲ್ಯವೆಂದು ಕಾಪಾಡಿಕೊಂಡು ಬರುವಂಥದ್ದು. ‘ನಿಧಿ’ ಎಂದರೆ ನೆಲದಲ್ಲಿ ಹೂತದ್ದು, ‘ಸಂಪತ್ತು’ ಎಂದರೆ ಬೆಲೆ ಕಟ್ಟುವಂಥದ್ದು. ಕೊರಳಲ್ಲಿ ಧರಿಸುವ ‘ಹೆಯ್ ತಿಕಿ’ ಎಂಬ ಮನುಷ್ಯಾಕೃತಿಯ ಪದಕ ತಲೆಮಾರಿನಿಂದ ತಲೆಮಾರಿಗೆ ಬರುತ್ತ, ಧರಿಸಿದ ಹಿರಿಯರ ‘ಮನ’ವನ್ನು ತನ್ನಲ್ಲಿ ಕೂಡಿಸಿಕೊಳ್ಳುತ್ತ ತಒಂಗವಾಗುತ್ತದೆ. (ಮನ ಎಂದರೆ ಅಲ್ಲಿ ಘನತೆ, ಅಧಿಕಾರ, ನಮ್ಮ ಮನಸ್ಸಲ್ಲ.) ಹೆಸರಾಂತ ಮೆರೆಗಳಿಗೆ ಸ್ವಂತ ಹೆಸರುಗಳೇ ಇದ್ದವು, ಕುಲಗಳ ನಡುವೆ ನಿಂತ ಶಾಂತಿಯನ್ನು ‘ತತಉ ಪೊವುನಮು’, ಅಂದರೆ ಪೊವುನಮುವಿನ ಬಾಗಿಲು ಎನ್ನುತ್ತಾರೆ. ನನಗೆ ಹೊಳೆದದ್ದು ‘ಒಡವೆ’. ಈಗ ಅದು ಚಿನ್ನಬೆಳ್ಳಿಗೆ ಸೀಮಿತವಾಗಿದ್ದರೂ ಹಳೆಯ ‘ಒಡಮೆ’ಯಲ್ಲಿ ಒಡೆತನಕ್ಕೆ ಸೇರಿದ್ದೆಲ್ಲ ಬರುತ್ತಿತ್ತು, ಙಾಯ್ ತಹು ನೆಲದ ಪೊವುನಮುವಿನ ಒಡೆತನವನ್ನು 1997ರ ಕಾಯ್ದೆ ಆ ಕುಲಕ್ಕೇ ಮರಳಿಸಿದ್ದರಿಂದ ಪದ ಇನ್ನಷ್ಟು ಒಗ್ಗುತ್ತದೆ. ಆದರೆ ಮಾವೊರಿಗಳು ತಮ್ಮ ಭಾಷೆಯನ್ನೂ ತಒಂಗ ಎನ್ನುತ್ತಾರೆ. ನುಡಿಯನ್ನು ಒಡವೆ ಎಂದರೆ ಕನ್ನಡದ ಕಿವಿ ಒಪ್ಪೀತೇ? ಹಾಗೆಯೇ, ತೇಯ್ದು ರೂಪಿಸುವ ಕೆಲಸಕ್ಕೆ ಸಾಣೆ ಹಿಡಿಯುವವರಲ್ಲೋ ಅಕ್ಕಸಾಲಿಗರಲ್ಲೋ ಬಳಕೆಯಲ್ಲಿರುವ ಒಂದೇ ನಾಮಪದ ತಿಳಿದವರು ದಯವಿಟ್ಟು ತಿಳಿಸಿ.